ರುಕ್ಮವ್ವನ ಹತ್ತು ಬೆರಳು

ರುಕ್ಮವ್ವ: ಎಂಟರ ಬಸ್ಸಿಗಿ ನಾ ಕೊಕಟನೂರಿಗಿ ಹೋಗಾಕಿನ. ಇನ್ನ ಏನೂ ಹೇಳಬ್ಯಾಡ್ರಿ.

ಮುರಗೆಪ್ಪ: ಹೋಗು, ನಾ ಎಲ್ಲಿ ಬ್ಯಾಡಂದೀನಿ? ಬೆರಳ ಅಷ್ಟ ಇಲ್ಲೇ ಬಿಟ್ಟ ಹೋಗು.

ದಿಗ್ಗೇವಾಡಿಯ ಹಾಲಿನ ಸಂಘದ ಬಾಗಿಲಲ್ಲಿ ರುಕ್ಮವ್ವ ಕೈಚೀಲ ಹಿಡಿದು ನಿಂತಿದ್ದಳು. ಒಳಗೆ ಅವಳ ಗಂಡ, ಸಂಘದ ಸೆಕ್ರೆಟರಿ ಮುರಗೆಪ್ಪ, ಹೊಸ ಮಶೀನಿನ ಮುಂದೆ ಕೂತಿದ್ದ. ಮಶೀನು ಬಂದು ಎರಡು ತಿಂಗಳಾಗಿತ್ತು. ಹಾಲು ಹಾಕುವವರು ಅದಕ್ಕೆ ಬೆರಳು ಒತ್ತಬೇಕು. ಒತ್ತದಿದ್ದರೆ ಅದು ಹಾಲು ಅಳೆಯುವುದೇ ಇಲ್ಲ. ಆ ಎರಡು ತಿಂಗಳಲ್ಲಿ ರುಕ್ಮವ್ವ ಊರು ಬಿಟ್ಟು ಕದಲಿರಲಿಲ್ಲ. ಆದರೆ ನಾಳೆ ಅವಳ ತಂಗಿಯ ಮೊಮ್ಮಗಳ ನಾಮಕರಣ. ಕೂಸನ್ನು ತೊಟ್ಟಿಲಿಗೆ ಹಾಕುವ ಹಿರಿಯಳು ಇವಳೇ.

ಪಾಳಿಯಲ್ಲಿ ಮೊದಲು ನಿಂತಿದ್ದ ಸುಂದ್ರವ್ವ ಹಾಲಿನ ಕ್ಯಾನು ಕೆಳಗಿಟ್ಟಳು.

ಸುಂದ್ರವ್ವ: ಯಕ್ಕಾ, ನಂದು ಎಡಗೈ ಕಿರಬೆರಳ ಅಲ್ಲನ? ಲಗೂನ ಒತ್ತವಾ.

ರೂಢಿಯಂತೆ ರುಕ್ಮವ್ವ ಕಿರುಬೆರಳು ಒತ್ತಿದಳು. "ಸುಂದ್ರವ್ವ ಅವರೇ, ನಿಮಗೆ ಸ್ವಾಗತ" ಎಂದಿತು ಮಶೀನು.

ಸುಂದ್ರವ್ವ: ನನ್ನ ಗಂಡ ಒಂದ ದಿನಾನೂ ಇಷ್ಟ ಚಂದ ಕರದಿಲ್ಲ ನೋಡ.

ರುಕ್ಮವ್ವ: ಕರದದ್ದ ನನಗವಾ, ನಿನಗಲ್ಲ. ಏನ್ರಿ, ಆವತ್ತ ಏನಂದ್ರಿ? "ಮಶೀನ ತಪಾಸ ಮಾಡೂದೈತಿ, ಒಂದೀಟ ಬೆರಳ ಇಡು" ಅಂದ್ರಿ. ಇಡಾಕ ಕುಂತ್ರ ಹತ್ತೂ ಮುಗದು!

ಮುರಗೆಪ್ಪ: ಶನಿವಾರದೊಳಗ ಎಲ್ಲಾರ ಹೆಸರ ಏರಸಬೇಕ ಅಂತ ಮ್ಯಾಲಿನ ಸಾಹೇಬ ಫೋನ ಮ್ಯಾಲ ಫೋನ ಮಾಡಿದಾ. ಒಂಬತ್ತ ಮಂದಿ ಕಬ್ಬಿನಾಗ ಕಸಾ ತಗ್ಯಾಕ ಹೋಗಿದ್ರು. ಒಂದ ಬೆರಳ ಇಬ್ಬರಿಗೆ ಇಟ್ರ ಮಶೀನ ಒಲ್ಲೆ ಅಂತು.

ರುಕ್ಮವ್ವ: ನಿಮಗ ದೇವರ ಬೆರಳ ಕೊಟ್ಟಿಲ್ಲೇನ?

ಮುರಗೆಪ್ಪ: ಸೆಕ್ರೆಟರಿ ಆಗಿ ನಾ ಇಟ್ರ ಅದು ಮೋಸ, ಅಫರಾತಫರಿ.

ರುಕ್ಮವ್ವ: ನಾ ಇಟ್ರ?

ಮುರಗೆಪ್ಪ: ಸಹಕಾರ.

ಪಾಳಿಯೆಲ್ಲ ನಕ್ಕಿತು. ರುಕ್ಮವ್ವ ನಗಲಿಲ್ಲ. ಅವಳು ಬೆರಳು ಮಡಚಿ ಎಣಿಸತೊಡಗಿದಳು.

ರುಕ್ಮವ್ವ: ಇದು ಲಗಮಪ್ಪಂದು, ಇದು ರಾಜಮತೀದು... ಒಂಬತ್ತ ಆತು. ಬಲಗೈ ಹೆಬ್ಬಟ್ಟನೂ ಆವತ್ತ ಒತ್ತಿಸಿಕೊಂಡ್ರಿ. ಮುಂದ ಒಂದ ದಿನಾನೂ ಕೇಳಿಲ್ಲ. ಅದ ಯಾರದು?

ಮುರಗೆಪ್ಪ: ಅದ... ಹಂಗ ಇರಲಿ ಅಂತ.

ರುಕ್ಮವ್ವ: ನಂದರೆ ಇರಬೇಕ ಅದು!

ಮುರಗೆಪ್ಪ: ನಮ್ಮನಿ ಹಾಲ ಚಾಕ್ಕ ತೀರತೈತಿ. ನಿನಗ್ಯಾಕ ಬೆರಳ?

ಸುಂದ್ರವ್ವ: ಅಣ್ಣಾ, ಕಸಾ ತಗಿಯೂದ ಮುಗದ ತಿಂಗಳಾತು. ಒಂಬತ್ತೂ ಮಂದಿ ಇಲ್ಲೇ ಅದೀವಿ. ಯಕ್ಕನ ಬೆರಳ ತಗದ ನಮ್ಮವ ಹಾಕಬಾರದ?

ಮುರಗೆಪ್ಪ ಛಾವಣಿ ನೋಡಿದ. ಕಿಸೆಯಿಂದ ತಂಬಾಕು ತೆಗೆದು, ಮತ್ತೆ ಒಳಗಿಟ್ಟ.

ಮುರಗೆಪ್ಪ: ಹಾಕಬಹುದು. ಬದಲಿ ಮಾಡಾಕ ಸೆಕ್ರೆಟರಿ ಹೆಬ್ಬಟ್ಟ ಬೇಕು.

ಸುಂದ್ರವ್ವ: ಹಂಗಾರ ಒತ್ತು ಮತ್ತ!

ಮುರಗೆಪ್ಪ ಒತ್ತಿದ. "ಕ್ಷಮಿಸಿ, ನಿಮ್ಮ ಗುರುತು ಸಿಗಲಿಲ್ಲ" ಎಂದಿತು ಮಶೀನು. ಹೆಬ್ಬೆರಳನ್ನು ಧೋತರಕ್ಕೆ ಉಜ್ಜಿ ಮತ್ತೆ ಒತ್ತಿದ. ಆಗಲೂ ಅದೇ ಉತ್ತರ.

ಮುರಗೆಪ್ಪ: ತಂಬಾಕ ತಿಕ್ಕಿ ತಿಕ್ಕಿ ಗೆರಿ ಸವದ ಹೋಗ್ಯಾವು. ಆವತ್ತೂ ಹಿಡೀಲಿಲ್ಲ.

ರುಕ್ಮವ್ವ: ಹಂಗಾರ ಆವತ್ತ ಸೆಕ್ರೆಟರಿ ಅಂತ ಯಾರದ ಒತ್ತಿದ್ರಿ?

ಮುರಗೆಪ್ಪನ ಕಣ್ಣು ಹೆಂಡತಿಯ ಬಲಗೈ ಮೇಲೆ ನಿಂತಿತು. ರುಕ್ಮವ್ವ ಚೀಲವನ್ನು ಎಡಗೈಗೆ ಬದಲಿಸಿ ಹೆಬ್ಬೆರಳು ಒತ್ತಿದಳು.

"ಸೆಕ್ರೆಟರಿಯವರೇ, ನಮಸ್ಕಾರ" ಎಂದಿತು ಮಶೀನು.

ರುಕ್ಮವ್ವ: ಏಳ್ರಿ ಖುರ್ಚಿ ಬಿಟ್ಟ.

ಮುರಗೆಪ್ಪ ಎದ್ದ. ರುಕ್ಮವ್ವ ಕೂತಳು. ಯಾವ ಗುಂಡಿ ಒತ್ತಬೇಕೆಂದು ಅವನು ಪಕ್ಕದಲ್ಲಿ ನಿಂತು ಹೇಳಿದ, ಇವಳು ಒತ್ತಿದಳು. ಅರ್ಧ ಗಂಟೆಯಲ್ಲಿ ಒಂಬತ್ತು ಮಂದಿಗೂ ಅವರವರ ಬೆರಳು ಬಂತು. ರಸ್ತೆಯಲ್ಲಿ ಬಸ್ಸಿನ ಹಾರ್ನು ಕೇಳಿತು. ರುಕ್ಮವ್ವ ಚೀಲ ಎತ್ತಿಕೊಂಡಳು.

ಮುರಗೆಪ್ಪ: ಎಷ್ಟ ದಿನಕ್ಕ ಬರ್ತಿ?

ರುಕ್ಮವ್ವ: ನನ್ನ ಯಾಕ ಕೇಳ್ತೀರಿ? ಸೆಕ್ರೆಟರಿಗಿ ಕೇಳ್ರಿ.

ಮುರಗೆಪ್ಪ: ಆತಪಾ. ಸೆಕ್ರೆಟರಿ ಏನಂತಾರ?

ರುಕ್ಮವ್ವ: ನನಗ ಎಂಟ ದಿನ ರಜಾ ಕೊಟ್ಟಾರ. ನಿಮಗ, ಹೆಬ್ಬಟ್ಟಿಗಿ ಗೆರಿ ಮೂಡೂತನಕಾ ತಂಬಾಕ ಬಂದ್ ಮಾಡ್ಯಾರ.