ಮೂರನೇ ಸಲ ಕೇಳಿದರೆ

ಆರ್ವಿಡ್ ಟೊಲೆಫ್ಸನ್ ಕೆಟ್ಟದ್ದು ಒಂದೇ ಒಂದು ಮಾತಿನಿಂದ. ಆ ಮಾತು 'ಬೇಡ'.

ಏಪ್ರಿಲ್ ಬಂದರೂ ಅಮೆರಿಕದ ಉತ್ತರದ ಡುಲೂತ್ ಊರಿನ ರಸ್ತೆ ಬದಿಯಲ್ಲಿ ಹಿಮದ ದಿಬ್ಬ ಇನ್ನೂ ಕೊಳಕಾಗಿ ಕೂತಿತ್ತು. ಆರ್ವಿಡ್ ತಾನು ಕೆಲಸ ಮಾಡುವ ಹಾರ್ಡ್‌ವೇರ್ ಅಂಗಡಿಯಲ್ಲಿ ಬಣ್ಣದ ಡಬ್ಬಿಯನ್ನು ಕಲಕುವ ಯಂತ್ರಕ್ಕೆ ಸಿಕ್ಕಿಸಿ ನಿಂತಿದ್ದಾಗ ಫೋನು ಬಂತು.

“ಟಾಮರಾಕ್ ಚಾರ್ಟರ್ ಶಾಲೆ ಆಫೀಸಿಂದ ರೆನಾಟಾ ಕಪುವಾನೊ ಮಾತಾಡ್ತಿರೋದು. ನಿನ್ನೆ ಚೀಟಿ ಎತ್ತಿದ್ವಲ್ಲ, ಮೂರನೇ ಕ್ಲಾಸಿಗೆ ನಿಮ್ಮ ಮಗಳು ಸಿಗ್ನಿ ಹೆಸರೇ ಮೊದ್ಲು ಬಂತು. ಸೀಟು ಬೇಕಾ?”

ಆರ್ವಿಡ್‌ನ ಎದೆ ಯಂತ್ರದಲ್ಲಿದ್ದ ಡಬ್ಬಿಗಿಂತ ಜೋರಾಗಿ ಕುಲುಕಾಡಿತು. ಆದರೆ ಬಾಯಿ ಮಾತ್ರ ಹುಟ್ಟಿದಾರಭ್ಯ ಡುಲೂತಿನ ಬಾಯಿ.

“ಅಯ್ಯೋ, ಬೇಡ ಬಿಡಿ. ನಮಗಿಂತ ಹೆಚ್ಚು ಬೇಕಾದೋರು ಯಾರಾದ್ರೂ ಇರ್ತಾರೆ” ಎಂದಿತು ಆ ಬಾಯಿ.

“ಹೌದಾ? ಖಂಡಿತ ಬೇಡ್ವಾ?”

“ಇಲ್ಲ ಇಲ್ಲ, ನಮ್ಮಿಂದ ನಿಮಗ್ಯಾಕೆ ತೊಂದ್ರೆ.”

“ಸರಿ ಹಾಗಾದ್ರೆ. ದೊಡ್ಡ ಮನಸ್ಸು ರೀ ನಿಮ್ದು” ಎಂದು ಆಕೆ ಫೋನಿಟ್ಟಳು.

ಆರ್ವಿಡ್ ಫೋನನ್ನು ಕಿವಿಗೆ ಒತ್ತಿಕೊಂಡು ಮೂರನೇ ಸಲಕ್ಕೆ ಕಾಯುತ್ತಾ ನಿಂತ.

ಆ ಊರಿನಲ್ಲಿ ಯಾರು ಏನು ಕೊಡಲು ಬಂದರೂ ಮೊದಲನೆಯ 'ಬೇಡ' ನಮಸ್ಕಾರ ಹೇಳಿದಂತೆ. ಎರಡನೆಯದು ಮರ್ಯಾದೆ. ಮೂರನೇ ಸಲ ಕೇಳಿದಾಗ “ನೀವು ಅಷ್ಟು ಹೇಳ್ತೀರಿ ಅಂದ್ರೆ...” ಎಂದು ಕೈ ಚಾಚಬೇಕು. ಮೊದಲ ಸಲಕ್ಕೇ ಬಿಸ್ಕತ್ತು ತೆಗೆದುಕೊಂಡವರ ಸುದ್ದಿ ಅವರ ಮಣ್ಣಿನ ದಿನದವರೆಗೂ ಓಡಾಡುತ್ತದೆ. ಆರ್ವಿಡ್‌ನ ಮದುವೆಯಾದದ್ದೂ ಹೀಗೇ. ಮಾರಿಟ್ ಮೂರು ಸಲ ಕೇಳಿದಳು, ಮದುವೆಯಾಯಿತು. ಎರಡಕ್ಕೇ ನಿಲ್ಲಿಸಿದ್ದರೆ ಅವನು ಇವತ್ತಿಗೂ ಒಬ್ಬಂಟಿ.

ರೆನಾಟಾ ಮಾತ್ರ ನ್ಯೂಜೆರ್ಸಿ ಕಡೆಯವಳು. ಊರಿಗೆ ಬಂದು ತಿಂಗಳೂ ಆಗಿರಲಿಲ್ಲ. ಅವಳ ಕಡೆ 'ಬೇಡ' ಎಂದರೆ ಬೇಡ.

ಕಿವಿಯಲ್ಲಿದ್ದ ಫೋನು ಸತ್ತಿದೆ ಎಂದು ಅರ್ಥವಾದಾಗ ಆರ್ವಿಡ್‌ನ ಕಣ್ಣ ಮುಂದೆ ಸಿಗ್ನಿಯ ಮುಖ ಬಂತು.

ಸಿಗ್ನಿಗೆ ಎಂಟು ವರ್ಷ. ಅವಳ ಮಾತು ನಿಧಾನ. ಒಂದೊಂದು ಪದವೂ ಮೆಟ್ಟಿಲಿಳಿಯುವ ಅಜ್ಜಿಯ ಹಾಗೆ ಕಂಬಿ ಹಿಡಿದುಕೊಂಡು ಹೊರಗೆ ಬರುತ್ತದೆ. ಈಗಿನ ಶಾಲೆಯವರು ಕೆಟ್ಟವರೇನಲ್ಲ. ಅವಳಿಗೆಂದು ಕಾರಿಡಾರಿನ ಕೊನೆಯಲ್ಲೊಂದು ಬೇರೆ ಕೋಣೆ ಕೊಟ್ಟಿದ್ದರು, ಅಲ್ಲೊಂದು ಮೀನಿನ ತೊಟ್ಟಿಯೂ ಇತ್ತು. ಅವಳ ಮಾತನ್ನು ಪೂರ್ತಿ ಕೇಳುತ್ತಿದ್ದವು ಆ ಮೀನುಗಳೇ. ಅವಳಿಗೊಂದು ಕರಡಿಯ ಜೋಕು ಗೊತ್ತಿತ್ತು. “ಒಂದು ಕರಡಿ ಅಂಗಡಿಗೆ...” ಎನ್ನುವಷ್ಟರಲ್ಲಿ ಮಕ್ಕಳು ಆಟಕ್ಕೆ ಓಡಿಬಿಡುತ್ತಿದ್ದರು. ಒಬ್ಬ ಮೇಡಂ ಅವಳ ಪರವಾಗಿ ತಾವೇ ಜೋಕು ಮುಗಿಸಿದ್ದರು, ಅದೂ ತಪ್ಪಾಗಿ.

ಚಳಿಗಾಲವಿಡೀ ಗಂಡ ಹೆಂಡತಿ ಶಾಲೆ ಹುಡುಕಿದರು. ಒಂದರಲ್ಲಿ ಈಜುಕೊಳವಿತ್ತು, ಸಿಗ್ನಿಗೆ ಜಾಗವಿರಲಿಲ್ಲ. ಇನ್ನೊಂದರಲ್ಲಿ ಜಾಗವಿತ್ತು, ಮತ್ತದೇ ಬೇರೆ ಕೋಣೆ. ಕೊನೆಗೆ ಟಾಮರಾಕ್. ಫೀಜಿಲ್ಲದ ಶಾಲೆ. ಸರ್ಕಾರದ ಹಣ, ಊರವರದೇ ಆಡಳಿತ, ಎಂಟನೇ ಕ್ಲಾಸಿನವರೆಗೆ ಇದೆ. ಬೇಕೆನ್ನುವವರು ಸೀಟಿಗಿಂತ ಹೆಚ್ಚಾದರೆ ಚೀಟಿ ಎತ್ತುತ್ತಾರೆ. ಇವರು ನೋಡಲು ಹೋದ ದಿನ ಅಲ್ಲಿ ಗಾಲಿಕುರ್ಚಿಯ ಹುಡುಗ, ಕಿವಿಗೆ ಯಂತ್ರ ಹಾಕಿದ ಹುಡುಗಿ, ಲೆಕ್ಕದಲ್ಲಿ ಚುರುಕಾದವರು, ಆಗದವರು, ಎಲ್ಲರೂ ಒಂದೇ ಮೇಜಿಗೆ ಕೂತಿದ್ದರು. ಸಿಗ್ನಿ ಎದ್ದು ನಿಂತು ಕರಡಿಯ ಜೋಕು ಶುರು ಮಾಡಿದಳು. ಒಬ್ಬ ಹುಡುಗ ಪೆನ್ಸಿಲ್ ಕೆಳಗಿಟ್ಟ. ಕ್ಲಾಸಿಗೆ ಕ್ಲಾಸೇ ಕಾದಿತು. ಜೋಕು ಮುಗಿಯಿತು. ಎಲ್ಲರೂ ನಕ್ಕರು.

ವಾಪಸು ಬರುವಾಗ ಕಾರಿನಲ್ಲಿ ಸಿಗ್ನಿ ಹೇಳಿದಳು: “ಅಪ್ಪಾ... ಇ... ಇದೇ.”

ಆ ಸೀಟನ್ನು ಆರ್ವಿಡ್ ಈಗ ಬಿಸ್ಕತ್ತಿನ ಹಾಗೆ ಬೇಡವೆಂದಿದ್ದ.

ಅವನು ತಿರುಗಿ ಫೋನು ಮಾಡಿದ. ಲೈನು ಬಿಡುವಿರಲಿಲ್ಲ. ಮತ್ತೆ ಮಾಡಿದ, ಬಿಡುವಿಲ್ಲ. ಅಷ್ಟರಲ್ಲಿ ಮಾರಿಟ್‌ಳ ಮೆಸೇಜು ಬಂತು. “ಶಾಲೆಯಿಂದ ಫೋನ್ ಬಂತಾ? ಬಂದ್ರೆ ಮೊದಲ್ನೇ ಸಲಕ್ಕೇ ಹೂಂ ಅನ್ನು ಮಾರಾಯ. ನಿನ್ನ ಬುದ್ಧಿ ನನಗೆ ಗೊತ್ತು.”

ಆರ್ವಿಡ್ ಫೋನನ್ನು ಜೇಬಿಗೆ ಹಾಕಿ ಅದರ ಮೇಲೆ ಕೈ ಅದುಮಿ ಹಿಡಿದ, ಹೆಂಡತಿ ಅಲ್ಲಿಂದಲೇ ಎದ್ದು ಬಂದಾಳೆಂಬಂತೆ.

“ಏನಾಯ್ತೋ ನಿನಗೆ? ಮುಖ ಯಾಕೆ ಸುಣ್ಣದ ಹಾಗಾಗಿದೆ?”

ಕೌಂಟರಿನ ಆಚೆ ಪಕ್ಕದ ಮನೆಯ ಹುಲ್ಡಾ ವಿತಾಲ ನಿಂತಿದ್ದರು. ಎಪ್ಪತ್ತು ದಾಟಿದ ವಿಧವೆ. ಬೀದಿಯಲ್ಲಿ ಯಾರ ಮನೆಯ ಗಂಜಿ ಹೊತ್ತಿದರೂ ವಾಸನೆ ಮೊದಲು ತಲುಪುವುದು ಅವರಿಗೆ. ಆರ್ವಿಡ್ ಎಲ್ಲವನ್ನೂ ಹೇಳಿಬಿಟ್ಟ.

“ಎರಡೇ ಸಲ ಕೇಳಿದ್ಲಾ!” ಹುಲ್ಡಾ ಎದೆ ಮುಟ್ಟಿಕೊಂಡರು. “ಯಾರ ಮನೆ ಮಗಳಪ್ಪ ಅವ್ಳು! ಈಗ್ಲೇ ಹೋಗು. ಆದ್ರೆ ಬರೀ ಕೈಯಲ್ಲಿ ಹೋಗಬೇಡ್ವೋ. ನಮ್ಮನೇಲಿ ಹಾಟ್‌ಡಿಷ್ ಇದೆ, ದನದ ಮಾಂಸ ಹಾಕಿ ಮೇಲೆ ಆಲೂ ಹೊದಿಸಿದ್ದು. ತಗೊಂಡ್ಹೋಗು.”

“ಅಯ್ಯೋ ಬೇಡ, ಸಂಜೆಗೆ ನಿಮಗೆ ಬೇಕಾಗುತ್ತೆ.”

“ತಗೊಳ್ಳೋ.”

“ಛೆ ಛೆ, ನಿಮಗ್ಯಾಕೆ ಶ್ರಮ.”

“ಆರ್ವಿಡ್, ತಗೋ.”

“ನೀವು ಅಷ್ಟು ಹೇಳ್ತೀರಿ ಅಂದ್ರೆ...”

ಅಂಗಡಿಯ ಯಜಮಾನ ಲಾಯ್ಡ್ ಒಳಗಿನಿಂದ ಕೂಗಿದ: “ಲೋ, ರಜಾ ತಗೊಂಡು ಹೋಗೋ! ಅದನ್ನೂ ಮೂರು ಸಲ ಹೇಳ್ಬೇಕಾ?” ಆರ್ವಿಡ್‌ನ ಸ್ವಭಾವಕ್ಕೆ ಹೌದು, ಹೇಳಬೇಕಾಗಿತ್ತು. ಹೇಳಿದ.

ಹುಲ್ಡಾರ ಮನೆಯಿಂದ ಹಾಟ್‌ಡಿಷ್ ಕಾರಿಗೆ ಬಂತು. ಅದರ ಹಿಂದೆಯೇ ಹುಲ್ಡಾರೂ ಬಂದರು. ನಾಲ್ಕು ರಸ್ತೆ ಕೂಡುವಲ್ಲಿ ನಾಲ್ಕು ಕಡೆಯಿಂದಲೂ ಒಂದೊಂದು ಕಾರು ಬಂದು ನಿಂತಿತು. ಎದುರಿನವನು ಆರ್ವಿಡ್‌ಗೆ 'ನೀವು ಹೋಗಿ' ಎಂದು ಕೈ ಮಾಡಿದ. ಆರ್ವಿಡ್ ಎಡದವಳಿಗೆ ಕೈ ಮಾಡಿದ. ಎಡದವಳು ಬಲದವನಿಗೆ. ಬಲದವನು ಎದುರಿನವನಿಗೆ. ನಾಲ್ವರೂ ನಗುತ್ತಾ, ಸೀಟಿನಲ್ಲೇ ಬಗ್ಗುತ್ತಾ, ಪೂಜಾರಿಗಳು ಮಂಗಳಾರತಿ ಎತ್ತಿದಂತೆ ಕೈ ಆಡಿಸುತ್ತಾ ಅಲ್ಲೇ ಉಳಿದರು.

“ನುಗ್ಗೋ!” ಎಂದರು ಹುಲ್ಡಾ.

“ಅವ್ರೇನು ಅಂದ್ಕೊಂಡಾರು?”

“ಮಗಳ ಸೀಟು ಹೋಗ್ತಿದೆಯೋ ಮಹಾರಾಯ!”

ಆರ್ವಿಡ್ ಕಣ್ಣು ಮುಚ್ಚಿ ಕಾಲೊತ್ತಿದ. ಉಳಿದ ಮೂವರೂ ಅದೇ ಹೊತ್ತಿಗೆ ಧೈರ್ಯ ತಂದುಕೊಂಡಿದ್ದರು. ನಾಲ್ಕೂ ಕಾರು ಒಟ್ಟಿಗೆ ಬ್ರೇಕು ಹಾಕಿದವು. ಯಾರಿಗೂ ಏನೂ ಆಗಲಿಲ್ಲ, ಹಾಟ್‌ಡಿಷ್ ಒಂದನ್ನು ಬಿಟ್ಟು. ಅದು ಹುಲ್ಡಾರ ಮಡಿಲಿನಿಂದ ಹಾರಿ ಆರ್ವಿಡ್‌ನ ತೊಡೆಯ ಮೇಲೆ ಇಳಿಯಿತು. ಪುಣ್ಯಕ್ಕೆ ತಣ್ಣಗಿತ್ತು.

“ಪರವಾಗಿಲ್ಲ, ಇನ್ನರ್ಧ ಪಾತ್ರೇಲೇ ಇದೆ” ಎಂದು ಹುಲ್ಡಾ ಸಮಾಧಾನ ಮಾಡಿದರು. “ಇಲ್ಲೇ ಗ್ರೇಟಾ ಎಂಗ್‌ಸ್ಟ್ರೋಮ್ ಮನೆ. ನಿನ್ನೆ ಎರಡನೇ ಚೀಟಿ ಅವಳ ಹುಡುಗಂದು. ಸೀಟು ಅವಳಿಗೆ ಹೋಯ್ತಾ ಕೇಳೋಣ.”

ಆದರೆ ಅದನ್ನು ನೇರವಾಗಿ ಕೇಳುವುದು ಹೇಗೆ? ಬಾಗಿಲಲ್ಲಿ ನಿಂತು ಹಿಮ ಯಾವಾಗ ಕರಗೀತು ಎಂದು ಮಾತಾಡಿದರು. ಸರೋವರದ ಕಡೆಯ ಗಾಳಿಯನ್ನು ಬೈದರು. ಪ್ಯಾಂಟಿಗೆ ಆಲೂ ಮೆತ್ತಿಕೊಂಡಿದ್ದ ಮನುಷ್ಯನನ್ನು ಗ್ರೇಟಾ ಏನೂ ಕೇಳಲಿಲ್ಲ. ಕೇಳುವುದು ಸಭ್ಯತೆಯಲ್ಲ. ಅವಳ ಕಣ್ಣು ಕೆಂಪಾಗಿತ್ತು. ಇವರೂ ಕೇಳಲಿಲ್ಲ. ಕೊನೆಗೆ ಅವಳೇ ತಡೆಯಲಾರದೆ ಅತ್ತಳು.

“ಶಾಲೆಯವ್ರು ಸೀಟು ಕೊಡ್ತೀವಿ ಅಂತ ಫೋನ್ ಮಾಡಿದ್ರು. ನಾನು ಬೇಡ ಅಂದೆ.”

“ಎಷ್ಟು ಸಲ ಕೇಳಿದ್ರು?” ಎಂದ ಆರ್ವಿಡ್.

“ಎರಡೇ!”

ಆರ್ವಿಡ್‌ಗೆ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು. ಹಾಟ್‌ಡಿಷ್ ಇದ್ದುದರಿಂದ ಸುಮ್ಮನಾದ. ಗ್ರೇಟಾಳೂ ಕೋಟು ಹಾಕಿಕೊಂಡು ಕಾರು ಹತ್ತಿದಳು.

ಶಾಲೆಯ ಬಾಗಿಲಲ್ಲಿ ಆಗಲೇ ಒಂದಷ್ಟು ಅಪ್ಪ ಅಮ್ಮಂದಿರು ನಿಂತಿದ್ದರು. ಎಲ್ಲರೂ ನಿನ್ನೆಯ ಚೀಟಿಯವರು. ಎಲ್ಲರ ಮುಖವೂ ಅತ್ತು ಒರೆಸಿಕೊಂಡಂತಿತ್ತು. ಒಬ್ಬ ಬಾಗಿಲು ತೆರೆದು ಹಿಡಿದು “ನೀವು ಮೊದ್ಲು” ಎನ್ನುತ್ತಿದ್ದ. “ಇಲ್ಲ, ನೀವೇ ಮೊದ್ಲು ಬಂದಿದ್ದು” ಎನ್ನುತ್ತಿದ್ದಳು ಇನ್ನೊಬ್ಬಳು. ತೆರೆದ ಬಾಗಿಲಿನಿಂದ ಶಾಲೆಯ ಬಿಸಿಯೆಲ್ಲ ಬೀದಿಗೆ ಹರಿಯುತ್ತಿತ್ತು. ಒಳಗೆ ಮಾತ್ರ ಯಾರೂ ಹೋಗಿರಲಿಲ್ಲ.

ಚಳಿ ಎಲ್ಲಿಂದ ನುಗ್ಗುತ್ತಿದೆ ಎಂದು ನೋಡಲು ರೆನಾಟಾ ತಾನೇ ಹೊರಗೆ ಬಂದಳು. ಗಿಡ್ಡ ಹೆಂಗಸು, ದೊಡ್ಡ ದನಿ. ಅವಳ ಮೂಗೂ ಕೆಂಪಗಿತ್ತು.

“ಏನ್ರೀ ಇದು? ಬೆಳಿಗ್ಗೆಯಿಂದ ಒಬ್ಬೊಬ್ರಿಗೂ ಫೋನ್ ಮಾಡಿದೀನಿ. ಎಲ್ರೂ ಬೇಡ ಬೇಡ ಅಂದ್ರಿ. ನಮ್ಮ ಶಾಲೆಗೆ ಏನು ರೋಗ ಬಂದಿದೆ ಹೇಳಿ! ಮಕ್ಕಳು ಜಾಸ್ತಿ ಅಂತ ಮೂರನೇ ಕ್ಲಾಸಿಗೆ ಇನ್ನೊಂದು ಕೋಣೆ ತೆಗೀಬೇಕು ಅಂತಿದ್ರು ನಮ್ಮ ಹೆಡ್ ಮೇಡಂ. ಇರೋ ಒಂದು ಸೀಟಿಗೇ ಗತಿಯಿಲ್ಲ, ಕೋಣೆ ಯಾಕೆ ಅಂತ ಅವರಿಗೆ ಹೇಳೋಕೆ ಹೊರಟಿದ್ದೆ.”

ಎಲ್ಲರೂ ತಂತಮ್ಮ ಬೂಟು ನೋಡಿಕೊಂಡರು. ಇನ್ನೊಬ್ಬರು ಮೊದಲು ಮಾತಾಡಲಿ ಎಂದು ಎಲ್ಲರೂ ಕಾಯುತ್ತಿದ್ದರು. ಹೀಗೇ ಬಿಟ್ಟರೆ ಕೋಣೆಯೂ ಹೋಗುತ್ತದೆ, ಸೀಟೂ ಹೋಗುತ್ತದೆ. ಸಿಗ್ನಿ ಮತ್ತೆ ಮೀನುಗಳಿಗೆ ಜೋಕು ಹೇಳುತ್ತಾಳೆ.

“ಬೇಕು!”

ಆರ್ವಿಡ್ ಬೆಚ್ಚಿ ಸುತ್ತ ನೋಡಿದ. ಕೂಗಿದ್ದು ಅವನೇ.

“ನಮಗೆ ಸೀಟು ಬೇಕು! ಬೆಳಿಗ್ಗೇನೂ ಬೇಕಿತ್ತು. ಇವರಿಗೆಲ್ಲ ಬೇಕು. ನೀವು ಮೂರನೇ ಸಲ ಕೇಳ್ಲಿಲ್ಲ ಅಷ್ಟೇ, ತಾಯಿ!”

ಬೀದಿಯ ಆಚೆ ಒಂದು ನಾಯಿ ಬೊಗಳುವುದನ್ನು ನಿಲ್ಲಿಸಿತು. ಡುಲೂತಿನಲ್ಲಿ ಇಷ್ಟು ಜೋರಾಗಿ ಯಾರೂ ಏನನ್ನೂ ಬೇಡಿರಲಿಲ್ಲ.

“ಮೂರನೇ ಸಲಾನಾ?” ಎಂದಳು ರೆನಾಟಾ.

ಆರ್ವಿಡ್ ಬಿಡಿಸಿ ಹೇಳಿದ. ಮೊದಲನೆಯ ಬೇಡ, ಎರಡನೆಯ ಬೇಡ, ಆಮೇಲಿನದು. ಸುತ್ತಲಿನವರು ತಲೆದೂಗಿದರು. ಹುಲ್ಡಾ ಸಾಕ್ಷಿಗೆಂದು ಅರ್ಧ ಹಾಟ್‌ಡಿಷ್ ಮುಂದೆ ಹಿಡಿದರು. ರೆನಾಟಾ “ಬೇಡ” ಎಂದಳು. ಹುಲ್ಡಾ ಬಿಡಲಿಲ್ಲ. ಮೂರನೇ ಸಲಕ್ಕೆ ಪಾತ್ರೆ ರೆನಾಟಾಳ ಕೈಯಲ್ಲಿತ್ತು.

“ಓಹೋ! ಹೀಗೋ ಇದು!” ಅವಳ ಮುಖ ಅರಳಿತು. ಒಳಗೆ ಓಡಿದವಳು ಹೆಡ್ ಮೇಡಮ್ಮನ್ನು ಕಂಡು ನಗುತ್ತಾ ತಿರುಗಿ ಬಂದಳು. ಎರಡನೇ ಕೋಣೆ ಗಟ್ಟಿಯಾಯಿತು. ನಿನ್ನೆಯ ಚೀಟಿಯಲ್ಲಿ ಬಂದಿದ್ದ ಮಕ್ಕಳಿಗೆಲ್ಲ ಜಾಗ, ಸಿಗ್ನಿಯದೇ ಮೊದಲ ಹೆಸರು. ಗ್ರೇಟಾ ಆರ್ವಿಡ್‌ನ ತೋಳು ಹಿಡಿದು ಮತ್ತೆ ಅತ್ತಳು. ಜನ ಅವನ ಬೆನ್ನು ತಟ್ಟಿದರು. ಅವನು ಮೆಲ್ಲಗೆ ಹೆಂಡತಿಗೆ ಮೆಸೇಜು ಕಳಿಸಿದ: “ಹೂಂ ಅಂದೆ.” ಯಾವಾಗ ಎಂದು ಬರೆಯಲಿಲ್ಲ.

ಅವನು ಕಾರಿನ ಕಡೆ ತಿರುಗಿದಾಗ ರೆನಾಟಾ ಕರೆದಳು.

“ಇವ್ರೇ, ನಿಲ್ಲಿ. ಗೇಟಿನ ಮುಂದೆ ದಿನಾ ಬೆಳಿಗ್ಗೆ ಮಕ್ಕಳನ್ನ ರಸ್ತೆ ದಾಟಿಸೋ ಕರಡಿ ಇದೆಯಲ್ಲ, ನಮ್ಮ ಶಾಲೆ ಕರಡಿ? ಆ ವೇಷ ಹಾಕ್ತಿದ್ದ ತಾತನಿಗೆ ಮಂಡಿ ಹೋಯ್ತು. ನೀವು ಒಳ್ಳೇ ಎತ್ತರ ಇದೀರಿ. ಸೆಪ್ಟೆಂಬರಿಂದ ನೀವು ಹಾಕ್ತೀರಾ?”

ಆರ್ವಿಡ್ ಆ ಕರಡಿಯನ್ನು ನೋಡಿದ್ದ. ಕಂಬಳಿಯಷ್ಟು ದಪ್ಪ, ಒದ್ದೆ ನಾಯಿಯ ವಾಸನೆ, ಬೆಳಗಾಗುವ ಮೊದಲೇ ಏಳಬೇಕು.

“ಅಯ್ಯೋ, ಬೇಡಮ್ಮ!” ಎಂದ. ಈ ಸಲ ಹೃದಯಪೂರ್ವಕವಾಗಿ.

ರೆನಾಟಾ ಒಂದು ಬೆರಳು ಮಡಚಿ ನಕ್ಕಳು. “ಹಾಕ್ತೀರಲ್ವಾ?”

“ಇಲ್ಲ, ಇಲ್ಲ! ನಿಜವಾಗ್ಲೂ ಬೇಡ!”

“ಎರಡಾಯ್ತು” ಎಂದು ಇನ್ನೊಂದು ಬೆರಳು ಮಡಚಿದಳು. ಬಾಗಿಲಲ್ಲಿದ್ದವರೆಲ್ಲ ಇತ್ತ ತಿರುಗಿದರು. “ದಯವಿಟ್ಟು ಹಾಕಿ ಆರ್ವಿಡ್.”

ಆರ್ವಿಡ್ ಬಾಯಿ ತೆರೆದ. ಮನಸ್ಸಿನಲ್ಲಿದ್ದ 'ಬೇಡ' ಗಂಟಲಿನವರೆಗೂ ಬಂತು. ಆದರೆ ಅವನ ವಂಶದಲ್ಲಿ ಮೂರನೇ ಸಲ ಬೇಡವೆಂದವರು ಯಾರೂ ಇರಲಿಲ್ಲ. ಆ ನಾಲಿಗೆಗೆ ಅದು ಬರುತ್ತಲೇ ಇರಲಿಲ್ಲ.

“ನೀವು ಅಷ್ಟು ಹೇಳ್ತೀರಿ ಅಂದ್ರೆ...” ಎಂದಿತು ಅದು.

ಡಿಸೆಂಬರಿನ ಒಂದು ಬೆಳಿಗ್ಗೆ ಟಾಮರಾಕ್ ಶಾಲೆಯ ಮುಂದೆ ಒಂದು ಎತ್ತರದ ಕರಡಿ 'ನಿಲ್ಲಿ' ಫಲಕ ಹಿಡಿದು ರಸ್ತೆಯ ನಡುವೆ ನಿಂತಿತ್ತು. ಹೊರಗೆ ಮೀಸೆ ಹೆಪ್ಪುಗಟ್ಟುವ ಚಳಿ, ಒಳಗೆ ಆರ್ವಿಡ್ ಬೆವರುತ್ತಿದ್ದ. ಮೂರನೇ ಕ್ಲಾಸಿನ ಮಕ್ಕಳು ಅರ್ಧ ರಸ್ತೆ ದಾಟಿದ್ದರು. ಹೊಸದಾಗಿ ಸೇರಿದ ಹುಡುಗಿಯೊಬ್ಬಳ ಕೈ ಹಿಡಿದಿದ್ದ ಸಿಗ್ನಿ ಅಲ್ಲೇ ನಿಂತುಬಿಟ್ಟಳು.

“ಒಂದು... ಕ... ಕರಡಿ, ಅಂಗಡಿಗೆ ಹೋಗಿ... ಕೋ... ಕೋಟು ಕೇಳ್ತು.”

ಗಾಲಿಕುರ್ಚಿಯ ಹುಡುಗ ಬ್ರೇಕು ಹಾಕಿದ. ಮಿಕ್ಕ ಮಕ್ಕಳೂ ನಿಂತರು. ಅತ್ತ ಇತ್ತ ಕಾರುಗಳು ಸಾಲುಗಟ್ಟಿದವು. ಮೊದಲ ಕಾರಿನವನು ಕಿಟಕಿ ಇಳಿಸಿ ಕಿವಿಗೊಟ್ಟ. ಯಾರೂ ಹಾರನ್ ಹೊಡೆಯಲಿಲ್ಲ.

“ಅಂಗಡಿಯವನು... ಹೇಳ್ದ. ನಿ... ನಿನ್ನ ಮೈಮೇಲೆ ಆಗ್ಲೇ... ಒಂದಿದೆಯಲ್ಲಾ!”

ಕರಡಿಯ ಕೈ ನೋಯುತ್ತಿತ್ತು. ಅದು ಫಲಕವನ್ನು ಇನ್ನಷ್ಟು ಮೇಲೆತ್ತಿ ಹಿಡಿಯಿತು.

“ಕರಡಿ... ಹೇಳ್ತು. ಅ... ಅಯ್ಯೋ, ಇದು... ಮನೇಲಿ ಹಾಕ್ಕೊಳ್ಳೋದು!”