ಗ್ಯಾರಂಟಿ ಟಾವೆಲ್

"ಎಸ್ಟಿ ಬಸ್ಸಿನಾಗ ಯಾಂವ ಹೋಗ್ತಾನ? ಕಾರ್ ಅದ, ನಾ ಇದ್ದೀನಿ!" ಎಂದು ಉಮರ್ಗಾದ ಬಟ್ಟೆ ವ್ಯಾಪಾರಿ ವಿಶ್ವನಾಥಪ್ಪ ಮುಂಜಾನೆಯೇ ಘೋಷಿಸಿಬಿಟ್ಟ. ಉದಗೀರದಲ್ಲಿ ತಂಗಿಯ ಮಗಳು ಸ್ವಪ್ನಾಲಿಯ ನಿಶ್ಚಿತಾರ್ಥ. ಮುಹೂರ್ತ ಹನ್ನೆರಡಕ್ಕೆ. ಸೋದರಮಾವನೇ ಕೈಹಿಡಿದು ಹುಡುಗಿಯನ್ನು ಮಣೆಗೆ ಕರೆತರಬೇಕು. ಮಾವ ಬಾರದೆ ಶಾಸ್ತ್ರ ಶುರುವಾಗುವುದಿಲ್ಲ. ಡಿಕ್ಕಿಯಲ್ಲಿ ಬೀಗರಿಗೆ ಆಯೇರಿಯ ಉಡುಗೊರೆ ಮಾಡಲು ಟೋಪಿ-ಟಾವೆಲ್ಲುಗಳ ದೊಡ್ಡ ಗಂಟು. ತನ್ನದೇ ಅಂಗಡಿಯ ಮಾಲು! "ಎತ್ತು ಜಗ್ಗಿದ್ರೂ ಹರಿಯಂಗಿಲ್ಲ, ಗ್ಯಾರಂಟಿ!" ಎಂದು ಗಿರಾಕಿಗಳಿಗೆ ಆಣೆ ಮಾಡಿ ಮಾರುವಂಥದ್ದು.

ಹೊರಡುವ ಮುನ್ನ, ಓಣಿಯವರೆಲ್ಲ ನೋಡಲೆಂದೇ ಬಾನೆಟ್ ಎತ್ತಿದ. ಆಯಿಲ್ ನೋಡುವ ಕಡ್ಡಿ ಎಳೆದು, ಹೆಗಲ ಮೇಲಿನ ಟಾವೆಲ್ಲಿಗೆ ಒರೆಸಿ, ನಾಡಿ ಹಿಡಿದ ವೈದ್ಯನಂತೆ ತಲೆಯಾಡಿಸಿ, ಧಡಾರನೆ ಬಾನೆಟ್ ಮುಚ್ಚಿದ. ಹೆಂಡತಿ ಕುಸುಮಬಾಯಿ ಗಡಿಯಾರ ನೋಡಿ ಕಾರು ಹತ್ತಿದಳು.

ನಿಲಂಗಾ ದಾಟುವಾಗ ಬೆವರು ಒರೆಸಲು ಹೆಗಲಿಗೆ ಕೈ ಹೋಯಿತು. ಹೆಗಲು ಬರಿದು!

"ನನ್ನ ಟಾವೆಲ್ ಎಲ್ಲದ?"

"ನಾ ಏನ್ ಕಾವಲ ಕಾಯ್ತೀನೇನ್ರಿ? ಮನ್ಯಾಗ ಬಿಟ್ಟಿರ್ತೀರಿ."

ದೇವಣಿ ದಾಟಿದ್ದೇ ತಡ, ಮುಂದೆಲ್ಲೋ 'ಫಟ್' ಎಂದಿತು. ಬ್ಯಾಟರಿಯ ಕೆಂಪು ದೀಪ ಹತ್ತಿಕೊಂಡಿತು. ಅದರ ಬೆನ್ನಿಗೇ ಶಾಖ ತೋರಿಸುವ ಮುಳ್ಳು ಸರಸರನೆ ಮೇಲೇರಿತು. ಬಾನೆಟ್ಟಿನ ಸಂದಿಯಿಂದ ಹಬೆ!

ಕಾರು ನಿಂತಿತು, ವಿಶ್ವನಾಥಪ್ಪನ ಬಾಯಿ ನಿಲ್ಲಲಿಲ್ಲ. "ಕಾದಿದ್ದು ಬಿಸಲಿಗೆ. ಬ್ಯಾಟರಿ ಕೊಟ್ಟಾಂವ ಮೋಸಗಾರ. ಎರಡೂ ಒಮ್ಮೆಗೇ ಆಗ್ಯಾವಂದ್ರ, ಎದುರುಮನಿ ಪ್ರಯಾಗಬಾಯಿ ಕೆಟ್ಟ ನಜರ್ ಹತ್ತ್ಯಾದ!"

ಕುಸುಮಬಾಯಿಯ ತವರು ಗುಂಜೋಟಿ. ತವರಲ್ಲಿ ಹಿಟ್ಟಿನ ಗಿರಣಿ. "ಅಹೋ, ನಮ್ಮ ಗಿರಣ್ಯಾಗ ಬೆಲ್ಟಿನ ಪಟ್ಟಾ ಹರದ್ರ ಬೀಸೂದೂ ಬಂದ್, ಜರಡಿನೂ ಬಂದ್. ಒಮ್ಮೆಗೇ ಎರಡು ಕೆಟ್ಟಾವಂದ್ರ ರೋಗ ಒಂದೇ ಇರಬೇಕು. ಪಟ್ಟಾ ನೋಡ್ರಿ!"

"ಗಿರಣಿಗೂ ಕಾರಿಗೂ ಏನ್ ಸಂಬಂಧ? ನಿನಗ ಇಂಜಿನ್ ತಿಳೀತದೇನ?"

ಹಬೆ ಇಳಿದ ಮೇಲೆ ಅವಳೇ ಬಗ್ಗಿ ನೋಡಿದಳು. ತಲೆ ಎತ್ತದೆಯೇ ಹೇಳಿದಳು: "ಪಟ್ಟಾ ಹರದದರೀ. ಮತ್ತ... ನಿಮ್ಮ ಟಾವೆಲ್ ಸಿಕ್ತು!"

ನೀರಿನ ಪಂಪನ್ನೂ ಬ್ಯಾಟರಿ ತುಂಬಿಸುವ ಯಂತ್ರವನ್ನೂ ತಿರುಗಿಸುವುದು ಆ ಒಂದೇ ಪಟ್ಟಾ. ಮುಂಜಾನೆ ಇಂಜಿನ್ ಮೇಲೆ ಮರೆತ ಟಾವೆಲ್ಲು ಜಾರಿ ಪಟ್ಟಾದ ಚಕ್ರಕ್ಕೆ ಸುತ್ತಿಕೊಂಡು ಅದನ್ನು ತುಂಡರಿಸಿತ್ತು. ಜಗ್ಗಿ ಹೊರತೆಗೆದರೆ ಟಾವೆಲ್ಲು ಕರ್ರಗಾಗಿತ್ತು, ಆದರೆ ಒಂದು ಎಳೆಯೂ ಕಿತ್ತಿರಲಿಲ್ಲ!

"ನಿಮ್ಮ ಮಾಲು ಖರೇನ ಗಟ್ಟಿ ಅದರೀ!"

ತಂಗಿಯ ಫೋನ್ ಬಂತು. "ಅಣ್ಣಾ, ಎಲ್ಲಿದ್ದಿ? ಸ್ವಪ್ನಾಲಿ ತಯಾರಾಗಿ ಕುಂತಾಳ. ನೀ ಬರಲಿಲ್ಲಂದ್ರ ಮಾವನ ಜಾಗದಾಗ ಯಾರನ್ನ ನಿಂದರಸ್ಲಿ?" ವಿಶ್ವನಾಥಪ್ಪ ಖಾಲಿ ರಸ್ತೆಯ ಎರಡೂ ಕಡೆ ನೋಡಿದ. ಆ ಕೂಸನ್ನು ಎತ್ತಿ ಆಡಿಸಿದವನು ಅವನು. "ಬಂದೆವ್ವಾ, ಬಂದೇಬಿಟ್ಟೆ!" ಎಂದು ಹೇಗೋ ಹೇಳಿದ.

ಅಷ್ಟರಲ್ಲಿ ಉದಗೀರಕ್ಕೆ ಹೊರಟಿದ್ದ ನಾಗಣ್ಣ ಎಂಬ ರೈತನ ಟ್ರ್ಯಾಕ್ಟರ್ ಬಂತು. ಎಳೆದೊಯ್ಯಲು ಅವನು ತಯಾರಿದ್ದ, ಆದರೆ ಹಗ್ಗ ಇರಲಿಲ್ಲ. ಕುಸುಮಬಾಯಿ ನೆಟ್ಟಗೆ ಡಿಕ್ಕಿಯ ಕಡೆ ನಡೆದಳು.

"ಏ, ಬ್ಯಾಡ! ಅದು ಬೀಗರ ಆಯೇರಿ!"

"ಎತ್ತು ಜಗ್ಗಿದ್ರೂ ಹರಿಯಂಗಿಲ್ಲ ಅಂತಿದ್ರಲ್ಲ, ಟ್ರ್ಯಾಕ್ಟರ್ ಜಗ್ಗೂದು ನೋಡೂಣ!"

ಹೊಸ ಟಾವೆಲ್ಲುಗಳನ್ನು ಹೊಸೆದು, ಗಂಟಿಗೆ ಗಂಟು ಬಿಗಿದರು. ಹೀಗೆ ಉಮರ್ಗಾದ ಮಹಾವ್ಯಾಪಾರಿಯ ಸವಾರಿ ಟ್ರ್ಯಾಕ್ಟರ್ ಹಿಂದೆ, ಆಯೇರಿಯ ಬಾಲ ಹಿಡಿದು, ಮುಹೂರ್ತಕ್ಕೆ ಸರಿಯಾಗಿ ಮಂಟಪದ ಮುಂದೆ ನಿಂತಿತು. ಬೀಗರು ನಕ್ಕರು, ಮಕ್ಕಳು ಕೇಕೆ ಹಾಕಿದರು. ಸ್ವಪ್ನಾಲಿ ಓಡಿಬಂದು ಮಾವನ ಮಸಿಗೈಯನ್ನೇ ಹಿಡಿದುಕೊಂಡಳು. ಅವನಿಗೆ ಬೇರೇನೂ ಬೇಕಿರಲಿಲ್ಲ.

ಶಾಸ್ತ್ರ ಮುಗಿಯಿತು. ವರನ ತಂದೆ ಕಲ್ಯಾಣಪ್ಪ ನಗು ತಡೆದುಕೊಂಡು ವಿಶ್ವನಾಥಪ್ಪನಿಗೆ ಟೋಪಿ ಇಟ್ಟು, ಹೆಗಲಿಗೆ ಹೊಸ ಟಾವೆಲ್ ಹೊದಿಸಿದರು. ಕಳೆದ ಮಾನವೆಲ್ಲ ಮರಳಿ ಬಂದಂತಾಗಿ ಅವನು ಎದೆ ಉಬ್ಬಿಸಿದ.

ಹಿಂದಿನಿಂದ ಕುಸುಮಬಾಯಿಯ ಕೈ ಬಂದು ಟಾವೆಲ್ಲನ್ನು ಸರಕ್ಕನೆ ಎಳೆದುಕೊಂಡಿತು.

"ಕೊಡ್ರಿ ಇತ್ತ! ಕಾರು ಉಮರ್ಗಾ ಮುಟ್ಟೂತನಾ ನಿಮ್ಮ ಹೆಗಲ ಮ್ಯಾಲ ಅರಿವಿ ಬ್ಯಾಡ!"