ಒಬ್ಬರಿಗೆ ಒಂದೇ ಕುರ್ಚಿ

ಖರ್ಚು ಕಡಿಮೆ ಮಾಡಿ ಎಂಬ ಸುತ್ತೋಲೆ ಬಂದ ಕಚೇರಿಯಲ್ಲಿ ಎಲ್ಲವೂ ಕಡಿಮೆಯಾಗುತ್ತದೆ, ಇಂಥ ಪ್ರಸಂಗಗಳನ್ನು ಬಿಟ್ಟು. ಇವುಗಳಿಗೆ ಯಾರ ಮಂಜೂರಾತಿಯೂ ಬೇಕಿಲ್ಲ.

ಆಗ ನಾನು ಹೈದರಾಬಾದಿನಲ್ಲಿ, ನಾಚಾರಂ ಕಡೆಯ ಒಂದು ಪುರಸಭೆಯ ನೀರು ಪರೀಕ್ಷೆ ಕೋಣೆಯಲ್ಲಿ ಗುತ್ತಿಗೆ ಮೇಲೆ ಕೆಲಸಕ್ಕಿದ್ದೆ. ಓದಿದ್ದು ಬಿ.ಎಸ್ಸಿ. ಕೆಮಿಸ್ಟ್ರಿ. ಬೇರೆ ಬೇರೆ ಬೀದಿಯ ನಲ್ಲಿಗಳಿಂದ ಬಂದ ಬಾಟಲಿಗಳಲ್ಲಿ ಕ್ಲೋರಿನ್ ಎಷ್ಟಿದೆ ಎಂದು ನೋಡಿ ಬರೆಯುವುದು ಕೆಲಸ. ಜೊತೆಗೆ ಓದಿದವರೆಲ್ಲ ಕಂಪ್ಯೂಟರ್ ಕೋರ್ಸ್ ಮಾಡಿ ಗಚ್ಚಿಬೌಲಿ ಸೇರಿದ್ದರು. ಊರಿನ ಆ ತುದಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಈ ತುದಿಯಲ್ಲಿ ಒಂದು ಗಾಜಿನ ಪಿಪೆಟ್ ಒಡೆದರೆ ಮೂರು ಪ್ರತಿಗಳಲ್ಲಿ ವಿವರಣೆ ಕೊಡಬೇಕಿತ್ತು.

ಸಿಕಂದರಾಬಾದಿನ ರೂಮಿನಲ್ಲಿ ನನ್ನ ಜೊತೆಗಿದ್ದವನಿಗೆ ಐಟಿ ಕಂಪನಿಯಲ್ಲಿ ರಾತ್ರಿ ಪಾಳಿ. ನಾನು ಹೊರಡುವಾಗ ಅವನು ಮಲಗಿರುತ್ತಿದ್ದ, ನಾನು ಬರುವಾಗ ಹೋಗಿರುತ್ತಿದ್ದ. ಆರು ತಿಂಗಳಲ್ಲಿ ಅವನನ್ನು ಎಚ್ಚರವಾಗಿ ನೋಡಿದ್ದು ಎರಡು ಸಲ. ಒಮ್ಮೆ ಗ್ಯಾಸ್ ಸಿಲಿಂಡರ್ ಬಂದಾಗ, ಒಮ್ಮೆ ಅದು ಮುಗಿದಾಗ.

ಹೀಗಾಗಿ ನನಗಿದ್ದ ಮಾತುಕತೆ ಎಂದರೆ ಕಚೇರಿಯದೇ.

೧. ಕುರ್ಚಿ

ನಾನು ಸೇರಿದಾಗ ಕೋಣೆಯಲ್ಲಿ ನಾಲ್ವರಿದ್ದೆವು. ಹಿರಿಯ ಕೆಮಿಸ್ಟ್ ನಿವೃತ್ತರಾದರು. ಅವರ ಹಿಂದೆಯೇ ಹುದ್ದೆಯೂ ಹೋಯಿತು. ಸಹಾಯಕರನ್ನು ಆಸ್ತಿ ತೆರಿಗೆ ವಿಭಾಗಕ್ಕೆ ಕಳಿಸಿದರು. ಜವಾನರನ್ನು ಮುಖ್ಯ ಕಚೇರಿ ಕರೆಸಿಕೊಂಡಿತು. ಉಳಿದದ್ದು ನಾನು ಮತ್ತು ನಾಲ್ಕು ಕುರ್ಚಿ.

ಪಕ್ಕದ ಪಂಪ್‌ಹೌಸಿನಲ್ಲಿ ವಯಸ್ಸಾದ ಆಪರೇಟರ್ ಒಬ್ಬರಿದ್ದರು. ಬೀದರ್ ಕಡೆಯವರು. ನಾನು ಅವ್ವನ ಜೊತೆ ಫೋನಿನಲ್ಲಿ ಮಾತಾಡುವುದು ಕೇಳಿಸಿ, ಕಿಟಕಿಯಲ್ಲಿ ತಲೆ ಹಾಕಿ, "ಯಾವೂರು ಬೇಟಾ?" ಎಂದಿದ್ದರು. ರಾಯಚೂರು ಎಂದೆ. ಅಂದಿನಿಂದ ದಿನಾ ಹನ್ನೊಂದಕ್ಕೆ ಎರಡು ಗ್ಲಾಸು ಚಹಾ ಹಿಡಿದು ಬಂದು ಅರ್ಧ ಗಂಟೆ ಕೂಡುತ್ತಿದ್ದರು. ನಾನು ಚಾಚಾ ಎನ್ನುತ್ತಿದ್ದೆ. ಇಡೀ ದಿನದಲ್ಲಿ ನನ್ನ ಕನ್ನಡ ಆ ಅರ್ಧ ಗಂಟೆ ಮಾತ್ರ.

ಆಮೇಲೆ ಸುತ್ತೋಲೆ ಬಂತು. ಸಿಬ್ಬಂದಿ ಎಷ್ಟೋ ಕುರ್ಚಿ ಅಷ್ಟೇ. ಹೆಚ್ಚುವರಿ ಕುರ್ಚಿಗಳು ಉಗ್ರಾಣಕ್ಕೆ. ಉಗ್ರಾಣದವರು ತಳ್ಳುಗಾಡಿ ತಂದು ಮೂರು ಕುರ್ಚಿ ಹೇರಿದರು.

"ಬಂದವರು ಎಲ್ಲಿ ಕೂಡಬೇಕು?" ಎಂದೆ.

"ನಿಮ್ಮಲ್ಲಿಗೆ ಯಾರು ಬರ್ತಾರೆ ಸಾರ್?" ಎಂದರು.

ಚಾಚಾಗೆ ಮೊಣಕಾಲು ನೋವು. ಹೆಚ್ಚು ಹೊತ್ತು ನಿಲ್ಲಲಾರರು, ನೆಲಕ್ಕೆ ಕೂತರೆ ಏಳಲಾರರು. ಮರುದಿನ ನಿಂತೇ ಚಹಾ ಕುಡಿದು ಹೊರಟರು. ನನ್ನ ಹತ್ತಿರ ಪ್ರಯೋಗದ ಸ್ಟಾಪ್‌ವಾಚ್ ಇತ್ತು. ಮೂರು ನಿಮಿಷ ಹತ್ತು ಸೆಕೆಂಡು.

"ನನ್ನ ಕುರ್ಚಿ ಮ್ಯಾಲೆ ಕೂಡ್ರಿ ಚಾಚಾ."

"ಬ್ಯಾಡ ಬೇಟಾ. ಅದು ನಿನ್ನ ಹೆಸರಿಗೆ ಐತಿ. ನಾ ಕೂತಾಗ ಯಾರರೆ ಬಂದ್ರ ನಿನ್ನ ನೌಕರಿ ಹೋಗ್ತದ."

ಮರುದಿನ ನಾನೇ ಒಂದು ಪ್ಲಾಸ್ಟಿಕ್ ಕುರ್ಚಿ ಕೊಂಡು ತಂದೆ. ನೀಲಿ ಬಣ್ಣದ್ದು. ಗೇಟಿನ ಕಾವಲುಗಾರ ತಡೆದ.

"ಒಳಗೆ ಒಯ್ಯಿರಿ ಸಾರ್. ಆದರೆ ವಾಪಸ್ ಹೊರಗೆ ತಂದರೆ ಪುರಸಭೆಯ ಸಾಮಾನು ಕದ್ದಿರಿ ಅಂತ ಬರೀಬೇಕಾಗುತ್ತೆ."

"ಒಳಗೇ ಇಟ್ಟುಕೊಂಡರೆ?"

"ಆಗ ಅದು ಹೆಚ್ಚುವರಿ ಕುರ್ಚಿ."

ಮೂರನೇ ದಿನ ಉಗ್ರಾಣದವರು ಬಂದು ಅದರ ಬೆನ್ನಿಗೆ ಬಿಳಿ ಬಣ್ಣದಲ್ಲಿ ನಂಬರ್ ಬರೆದು ಒಯ್ದರು. ಪುರಸಭೆಗೆ ಕುರ್ಚಿ ದಾನ ಮಾಡಿದ್ದಕ್ಕೆ ನನಗೆ ವಂದನಾಪತ್ರ ಬಂತು.

೨. ಫ್ಯಾನು

ಮೇ ತಿಂಗಳಲ್ಲಿ ಇನ್ನೊಂದು ಸುತ್ತೋಲೆ. ಇಬ್ಬರಿಗಿಂತ ಕಡಿಮೆ ಜನ ಇರುವ ಕೋಣೆಯಲ್ಲಿ ಫ್ಯಾನ್ ಹಾಕಬಾರದು.

ನಾನು ಮುಖ್ಯ ಕಚೇರಿಗೆ ಪತ್ರ ಬರೆದೆ. ಮೊದಲನೆಯದಾಗಿ, ಫ್ಯಾನ್ ಹಾಕಲು ಇಬ್ಬರು ಬೇಕು. ಎರಡನೆಯದಾಗಿ, ಇಬ್ಬರಿರಲು ಎರಡು ಕುರ್ಚಿ ಬೇಕು. ಮೂರನೆಯದಾಗಿ, ಎರಡು ಕುರ್ಚಿ ಇರಲು ಇಬ್ಬರು ಸಿಬ್ಬಂದಿ ಬೇಕು. ಆದ್ದರಿಂದ ದಯವಿಟ್ಟು ಒಂದು ಕುರ್ಚಿಯನ್ನಾಗಲಿ ಒಬ್ಬ ಮನುಷ್ಯನನ್ನಾಗಲಿ ಕೊಡಿಸಬೇಕು.

ಉತ್ತರ ಬೇಗ ಬಂತು. "ಫ್ಯಾನಿನ ಕೆಳಗೆ ನಿಲ್ಲಲು ಕುರ್ಚಿಯ ಅಗತ್ಯ ಕಾಣುವುದಿಲ್ಲ. ಮನುಷ್ಯನ ವಿಷಯವನ್ನು ಮುಂದಿನ ಬಜೆಟ್ಟಿನಲ್ಲಿ ಪರಿಶೀಲಿಸಲಾಗುವುದು."

ಬಾಗಿಲಿಗೆ ಒರಗಿ ನಿಂತಿದ್ದ ಚಾಚಾಗೆ ಓದಿ ಹೇಳಿದೆ. ಕಾಗದ ಈಸಿಕೊಂಡು ಮುಟ್ಟಿ ನೋಡಿದರು.

"ಕಾಗದ ದಪ್ಪ ಐತಿ ಬೇಟಾ. ಬಜೆಟ್ ಬರೂತನ ಇದರಲೇ ಗಾಳಿ ಹಾಕ್ಕೋ."

೩. ನೀರು

ನೀರು ಪರೀಕ್ಷೆಗೆ ಡಿಸ್ಟಿಲ್ಡ್ ವಾಟರ್ ಬೇಕು. ಅದರಲ್ಲಿ ಏನೂ ಬೆರೆತಿರುವುದಿಲ್ಲ. ಅದಿಲ್ಲದೆ ದ್ರಾವಣ ಮಾಡಲಾಗದು. ಐದು ಕ್ಯಾನು ಬೇಕೆಂದು ಬೇಡಿಕೆ ಕಳಿಸಿದೆ. ಖರೀದಿ ವಿಭಾಗದ ಗುಮಾಸ್ತರು ಕೆಂಪು ಶಾಯಿಯಲ್ಲಿ ಷರಾ ಬರೆದು ವಾಪಸ್ ಕಳಿಸಿದರು: "ಊರಿಗೆಲ್ಲ ನೀರು ಕೊಡುವ ಇಲಾಖೆಯೇ ನೀರು ಕೊಂಡರೆ ಸಾರ್ವಜನಿಕರಿಗೆ ಏನು ಉತ್ತರ ಕೊಡುವುದು? ನಿಮ್ಮ ಕೋಣೆಯಲ್ಲೇ ನಲ್ಲಿ ಇದೆ."

ಎರಡು ಬಸ್ ಬದಲಿಸಿ ಅವರ ಮೇಜಿಗೆ ಹೋದೆ. ಒಳ್ಳೆಯವರೇ. "ಬಿಸಿಲಲ್ಲಿ ಬಂದಿದ್ದೀರಿ, ಮೊದಲು ನೀರು ಕುಡಿಯಿರಿ" ಎಂದು ತೆಲುಗಿನಲ್ಲಿ ಉಪಚಾರ ಮಾಡಿ, ಮೂಲೆಯಲ್ಲಿದ್ದ ಇಪ್ಪತ್ತು ಲೀಟರಿನ ಕ್ಯಾನಿನಿಂದ ಬಗ್ಗಿಸಿ ಕೊಟ್ಟರು. ಅಂಗಡಿಯಿಂದ ತರಿಸಿದ್ದು. ಮೇಲೆ ಹರಿದ ಸೀಲು ಇನ್ನೂ ಅಂಟಿತ್ತು.

"ನಮ್ಮ ನಲ್ಲಿ ನೀರು ಇದೆಯಲ್ಲ ಸಾರ್, ಇದನ್ನೇಕೆ ಕೊಂಡಿರಿ?" ಎಂದೆ.

ಅವರು ಆಚೀಚೆ ನೋಡಿ ದನಿ ತಗ್ಗಿಸಿದರು.

"ನಲ್ಲಿ ನೀರು ನಂಬೋದು ಹೇಗೆ? ಪರೀಕ್ಷೆ ಮಾಡೋಕೆ ಡಿಸ್ಟಿಲ್ಡ್ ವಾಟರೇ ಇಲ್ಲವಂತೆ!"

೪. ಸೋಮವಾರ

ಖರ್ಚು ಕಡಿಮೆಯಾದರೆ ಸಾಲದು, ಆದ ಖರ್ಚಿಗೆ ಜನರ ಮುಂದೆ ಉತ್ತರ ಕೊಡಬೇಕು ಎಂದಾಯಿತು. ಪ್ರತಿ ಸೋಮವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಯಾವ ನಾಗರಿಕರು ಬೇಕಾದರೂ ಬಂದು ಕೇಳಬಹುದು. ಜಾಗ, ನನ್ನ ಕೋಣೆ. ಕುರ್ಚಿಗಳು ಹೋದ ಮೇಲೆ ಪುರಸಭೆಯಲ್ಲಿ ಅಷ್ಟು ವಿಶಾಲವಾದ ಕೋಣೆ ಬೇರೆ ಇರಲಿಲ್ಲ.

ನಾನು ಬಣ್ಣದ ಪೆನ್ನಿನಲ್ಲಿ ಚಾರ್ಟ್ ಬರೆದು ಗೋಡೆಗೆ ಅಂಟಿಸಿದೆ. ಐದು ಸೋಮವಾರ ಯಾರೂ ಬರಲಿಲ್ಲ. ಐದು ಸೋಮವಾರವೂ ಕೂದಲು ಬಾಚಿಕೊಂಡು ಕೂತಿದ್ದೆ.

ಆರನೇ ಸೋಮವಾರ ಒಬ್ಬ ಯುವಕ ಬಂದ. ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ. ಮೊಬೈಲಿನಲ್ಲಿ ಯಾರಿಗೋ "ಆಮೇಲೆ ಮಾಡ್ತೀನಿ ಕಣೋ" ಎನ್ನುತ್ತ ಒಳಗೆ ಕಾಲಿಟ್ಟ. ಮೈಸೂರಿನ ಮಾತು. ನನಗೆ ತಡೆಯಲಾಗಲಿಲ್ಲ. "ಬನ್ನಿ ಬನ್ನಿ" ಎಂದು ಚಾರ್ಟಿನ ಮುಂದೆ ನಿಲ್ಲಿಸಿ ಶುರು ಮಾಡಿದೆ. ಕೊಳವೆ, ಕವಾಟ, ಬ್ಲೀಚಿಂಗ್ ಪೌಡರ್, ರದ್ದಾದ ಹುದ್ದೆ, ಉಗ್ರಾಣ ಸೇರಿದ ಕುರ್ಚಿ. ನಲವತ್ತು ನಿಮಿಷ. ಅವನು ನಿಂತೇ ಕೇಳಿದ. ಎರಡು ಸಲ ತಲೆಯಾಡಿಸಿದ.

"ಈಗ ನಿಮ್ಮ ಪ್ರಶ್ನೆ ಕೇಳಿ" ಎಂದೆ.

"ಸಿಕಂದರಾಬಾದಿಗೆ ಬಸ್ಸು ಎಲ್ಲಿ ನಿಲ್ಲುತ್ತೆ ಸಾರ್?"

"ನೀವು ಈ ಪುರಸಭೆಯ ಕಡೆಯವರಲ್ಲವೇ?"

"ಅಲ್ಲ ಸಾರ್, ಗಚ್ಚಿಬೌಲಿ. ಇಲ್ಲಿ ಯಾವುದೋ ಫ್ಯಾಕ್ಟರಿಗೆ ಸಾಫ್ಟ್‌ವೇರ್ ಹಾಕೋಕೆ ಬಂದಿದ್ದೆ."

"ಮೊದಲೇ ಹೇಳಬಾರದಿತ್ತೇ?"

ಅವನು ಚೀಲ ಸರಿಮಾಡಿಕೊಂಡ. "ಹೇಳೋಣ ಅಂತಲೇ ಇದ್ದೆ. ಆದರೆ ಹೈದರಾಬಾದಿಗೆ ಬಂದ ಮೇಲೆ ಇಷ್ಟು ಹೊತ್ತು ಯಾರೂ ನನ್ನ ಹತ್ರ ಕನ್ನಡ ಮಾತಾಡಿರಲಿಲ್ಲ."

ಅವನು ಹೋದ ಮೇಲೆ ನಿಯಮದ ಪ್ರಕಾರ ವರದಿ ಬರೆದೆ. ಬಂದ ನಾಗರಿಕರು: ಒಬ್ಬರು. ಕೇಳಿದ ಪ್ರಶ್ನೆ: ಒಂದು. ಕೊಟ್ಟ ಉತ್ತರ: ಎದುರು ರಸ್ತೆ, ಬೇವಿನ ಮರದ ಕೆಳಗೆ.

೫. ತಪಾಸಣೆ

ವರ್ಷಕ್ಕೊಮ್ಮೆ ಮುಖ್ಯ ಕಚೇರಿಯಿಂದ ತಪಾಸಣಾಧಿಕಾರಿ ಬರುತ್ತಾರೆ. ಯಾವ ಸಾಮಾನು ಎಲ್ಲಿದೆ, ಯಾರು ಏನು ಮಾಡುತ್ತಿದ್ದಾರೆ ಎಂದು ನೋಡಿ ನಮೂನೆ ತುಂಬುತ್ತಾರೆ. ಅವರಿಗೆ ಬಾಯಿಂದಲೇ ಹೇಳಿ ಇನ್ನೊಂದು ಕುರ್ಚಿ ಪಡೆಯಬೇಕೆಂದು ನಾನು ತಯಾರಾಗಿದ್ದೆ. ಅಷ್ಟರಲ್ಲಿ ಚಾಚಾ ಒಳಗೆ ಬರುವುದನ್ನೂ ಬಿಟ್ಟಿದ್ದರು. ಕಿಟಕಿಯಲ್ಲಿ ಗ್ಲಾಸು ಇಟ್ಟು, "ಆರ್ತದ, ಕುಡಿ" ಎಂದು ಹೋಗುತ್ತಿದ್ದರು. ಒಂಬತ್ತು ಸೆಕೆಂಡು.

ಅಧಿಕಾರಿ ಬಂದರು. ಬಿಸಿಲಲ್ಲಿ ಬಂದು ದಣಿದಿದ್ದರು. ಇದ್ದ ಒಂದು ಕುರ್ಚಿಯಲ್ಲಿ ಕೂತರು. ನಾನು ಎದುರು ನಿಂತೆ. ಪಿಪೆಟ್ ಎಣಿಸಿದರು, ಬೀಕರ್ ಎಣಿಸಿದರು, ನಮೂನೆ ತುಂಬಿದರು. ಕುರ್ಚಿಯ ಮಾತು ಎತ್ತುವಷ್ಟರಲ್ಲಿ ಎದ್ದು ಹೋದರು.

ಹದಿನೈದು ದಿನಕ್ಕೆ ಮೆಮೊ ಬಂತು. "ತಪಾಸಣೆಯ ವೇಳೆ ಸಿಬ್ಬಂದಿ ತಮ್ಮ ಆಸನದಲ್ಲಿ ಇರಲಿಲ್ಲ ಎಂದು ನಮೂನೆಯಿಂದ ಕಂಡುಬರುತ್ತದೆ. ಗುತ್ತಿಗೆಯನ್ನು ಏಕೆ ರದ್ದುಪಡಿಸಬಾರದು ಎಂಬುದಕ್ಕೆ ಮೂರು ದಿನದೊಳಗೆ ವಿವರಣೆ ಕೊಡುವುದು."

ಕುರ್ಚಿ ಕೇಳಲು ಹೋಗಿ ಕೆಲಸವೇ ಹೋಗುವಂತಾಗಿತ್ತು. ಎರಡು ದಿನ ಯೋಚಿಸಿದೆ. ಮೂರನೇ ದಿನ ಒಂದೇ ಸಾಲು ಬರೆದೆ: "ಆ ವೇಳೆ ನನ್ನ ಆಸನದಲ್ಲಿ ತಪಾಸಣಾಧಿಕಾರಿಗಳು ಇದ್ದರು."

ಮೆಮೊ ಹಿಂಪಡೆದ ಉತ್ತರದ ಜೊತೆಗೆ ಒಂದು ಮರದ ಕುರ್ಚಿಯೇ ಬಂತು. ಬೆನ್ನಿಗೆ ಬರೆದಿತ್ತು: ತಪಾಸಣೆ ಮಾಡುವವರಿಗೆ ಮಾತ್ರ. ಜೊತೆಗೆ ಒಂದು ತಪಾಸಣಾ ಪುಸ್ತಕ.

ಚಾಚಾ ಕಿಟಕಿಯಿಂದ ನೋಡಿದರು. "ಕುರ್ಚಿ ಬಂತು. ವರ್ಷಕ್ಕ ಒಂದು ದಿನ ಕೆಲಸ ಅದಕ್ಕ. ನಸೀಬು ನೋಡು."

೬. ಶುಕ್ರವಾರ

ಆ ಬರಹವನ್ನು ನಾನು ಇನ್ನೊಮ್ಮೆ ಓದಿದೆ. ತಪಾಸಣೆ ಮಾಡುವವರಿಗೆ ಮಾತ್ರ. ಅವರು ಯಾವ ದರ್ಜೆಯವರಿರಬೇಕು ಎಂದು ಎಲ್ಲೂ ಇರಲಿಲ್ಲ.

ಮರುದಿನ ಹನ್ನೊಂದಕ್ಕೆ ಚಾಚಾರನ್ನು ಒಳಗೆ ಕರೆದೆ. "ಚಾಚಾ, ನೀರಿಗೆ ಬ್ಲೀಚಿಂಗ್ ಪೌಡರ್ ಹಾಕೋರು ನೀವು. ಸರಿ ಹಾಕೀರೋ ಇಲ್ಲೋ ನೀವೇ ನೋಡ್ರಿ." ಬಾಟಲಿಯಲ್ಲಿ ತಯಾರಾಗಿಯೇ ಬರುವ ಔಷಧಿ ಬಿಟ್ಟ ನೀರಿನ ಟ್ಯೂಬು ಕೈಗೆ ಕೊಟ್ಟೆ. ಕ್ಲೋರಿನ್ ಇದ್ದರೆ ಹಳದಿ ಬಣ್ಣ ಬರುತ್ತದೆ. ಚಾಚಾ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು.

"ಹಳದಿ ಬರೋಬ್ಬರಿ ಐತಿ."

"ಇದು ತಪಾಸಣಿ ಆತು. ಕೂಡ್ರಿ."

ಕೂತರು. ಪುಸ್ತಕದಲ್ಲಿ ಉರ್ದುವಿನಲ್ಲಿ ಸಹಿ ಹಾಕಿದರು. ಷರಾ ಅವರು ಹೇಳಿದಂತೆ ನಾನು ಬರೆದೆ: ನೀರು ಸರಿ ಇದೆ. ಇಬ್ಬರಾದ ಕಾರಣ ಫ್ಯಾನ್ ಹಾಕಿದೆ. ಅವತ್ತು ಮೂವತ್ತೆರಡು ನಿಮಿಷ.

ಭಾನುವಾರ ಬಿಟ್ಟು ಪ್ರತಿದಿನವೂ ತಪಾಸಣೆ ನಡೆಯಿತು. ಒಮ್ಮೆ ಹಳದಿ ಕಡಿಮೆಯಾಗಿ ಕಂಡಾಗ ಚಾಚಾ ಚಹಾ ಅಲ್ಲೇ ಬಿಟ್ಟು, ಕುಂಟುತ್ತ ಹೋಗಿ ಪೌಡರ್ ಹೆಚ್ಚಿಸಿ ಬಂದರು.

ಮುಂದಿನ ವರ್ಷ ಬೇರೆ ತಪಾಸಣಾಧಿಕಾರಿ ಬಂದರು. ವಯಸ್ಸಿನಲ್ಲಿ ಸಣ್ಣವರು. ಕೂತು ಪುಸ್ತಕ ತೆರೆದರು. ಪುಟ ತಿರುಗಿಸಿದಂತೆ ಅವರ ಬೆನ್ನು ನೆಟ್ಟಗಾಯಿತು.

"ಇಲ್ಲಿ ದಿನಾ ತಪಾಸಣೆ ಆಗುತ್ತದೆಯೇ?"

"ಹೌದು ಸಾರ್. ಹನ್ನೊಂದಕ್ಕೆ."

"ಸಹಿ ಓದಲು ಬರುವುದಿಲ್ಲ. ದೊಡ್ಡವರಿರಬೇಕು."

"ನನಗಿಂತ ದೊಡ್ಡವರು ಸಾರ್." ಅದು ನಿಜವೇ ಆಗಿತ್ತು.

"ಈಗ ಗಂಟೆ ಎಷ್ಟು?"

"ಹನ್ನೊಂದಕ್ಕೆ ಎರಡು ನಿಮಿಷ."

ಅಧಿಕಾರಿ ಕುರ್ಚಿಯಿಂದ ಎದ್ದು, ಅದನ್ನು ಕರವಸ್ತ್ರದಿಂದ ಒರೆಸಿ, ಪಕ್ಕಕ್ಕೆ ನಿಂತರು.

ಅವತ್ತು ಶುಕ್ರವಾರ. ಉಳಿದ ದಿನ ಗ್ರೀಸು ಮೆತ್ತಿದ ಖಾಕಿಯಲ್ಲಿರುವ ಚಾಚಾ, ಶುಕ್ರವಾರ ಮಧ್ಯಾಹ್ನದ ನಮಾಜಿಗೆಂದು ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಬಿಳಿ ಕುರ್ತಾ, ಟೋಪಿ ಹಾಕಿ, ಅತ್ತರು ಹಚ್ಚಿ ಬರುತ್ತಾರೆ. ಹಾಗೇ ಒಳಗೆ ಬಂದರು. ಅತ್ತರು ಅವರಿಗಿಂತ ಮೊದಲು ಬಂತು.

"ನಮಸ್ಕಾರ ಸಾರ್!" ಎಂದರು ಅಧಿಕಾರಿ.

ಚಾಚಾ ತಲೆಯಾಡಿಸಿ, ಚಹಾ ಗ್ಲಾಸು ಮೇಜಿನ ಮೇಲಿಟ್ಟು, ಟ್ಯೂಬು ಬೆಳಕಿಗೆ ಹಿಡಿದರು. "ಬರೋಬ್ಬರಿ ಐತಿ" ಎಂದು ಸಹಿ ಹಾಕಿ ಕೂತರು. ಆಮೇಲೆ ಗೋಡೆಗೆ ಅಂಟಿ ನಿಂತಿದ್ದ ಅಧಿಕಾರಿಯನ್ನು ಮೇಲಿಂದ ಕೆಳಗೆ ನೋಡಿ ನನ್ನ ಕಡೆ ತಿರುಗಿದರು.

"ಯಾರ ಪೋರಗಾ ಇವ? ಪಾಪ, ಕೂಡ್ಲಾಕ ಒಂದು ಕುರ್ಚಿನೂ ಇಲ್ಲೇನ್ ಇವಗ?"

ಅಧಿಕಾರಿಗೆ ಕನ್ನಡ ಬರುತ್ತಿರಲಿಲ್ಲ. ಕುರ್ಚಿ ಎಂಬ ಮಾತು ಮಾತ್ರ ಅರ್ಥವಾಯಿತು. ಬೇಗ ಬೇಗ ಬರೆದುಕೊಂಡರು.

ಮುಂದಿನ ವಾರ ಮೂರನೇ ಕುರ್ಚಿ ಮಂಜೂರಾಗಿ ಉಗ್ರಾಣದಿಂದ ಬಂತು. ಪ್ಲಾಸ್ಟಿಕ್‌ನದು, ನೀಲಿ, ಬೆನ್ನಿಗೆ ಬಿಳಿ ಬಣ್ಣದಲ್ಲಿ ನಂಬರ್. ಅದರಲ್ಲಿ ಕೂಡಲು ಯಾರೂ ಬರುವುದಿಲ್ಲ. ಚಾಚಾ ನೋವಿನ ಕಾಲು ಅದರ ಮೇಲೆ ಚಾಚಿ ಚಹಾ ಕುಡಿಯುತ್ತಾರೆ.

ಈ ಸಲ ವಂದನಾಪತ್ರ ನಾನು ಬರೆದೆ.